ದ್ವೀಪ ತೋರಿಸುವವರಿಗೆ ಸಕಲೇಶಪುರ ಕಡೆಯಿಂದ ಒಂದು ಕಾಗದ

ದ್ವೀಪಗಳ ಬಗ್ಗೆ ಟಿವಿ ಕಾರ್ಯಕ್ರಮ ಮಾಡುವವರಿಗೆ, ಅದನ್ನು ಕನ್ನಡಕ್ಕೆ ಡಬ್ ಮಾಡುವವರಿಗೆ, ಅದರ ಹಿಂದೆ ಢಂ ಢಂ ಅಂತ ಮ್ಯೂಸಿಕ್ ಹಾಕುವವರಿಗೆ, ಎಲ್ಲರಿಗೂ ನಮಸ್ಕಾರ.

ನಾನು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಮೂರೂವರೆ ಎಕರೆ ಕಾಫಿ, ಅದರ ಮರಗಳಿಗೆ ಮೆಣಸಿನ ಬಳ್ಳಿ, ಕೆಳಗೆ ಬೀಳು ಬಿಟ್ಟ ಗದ್ದೆ. ಸಮುದ್ರ ನೋಡಿದ್ದು ಜೀವನದಲ್ಲಿ ನಾಲ್ಕೇ ಸಲ, ಅದರಲ್ಲಿ ಮೂರು ಸಲ ಧರ್ಮಸ್ಥಳಕ್ಕೆ ಅಂತ ಹೊರಟವರು ಹಾಗೇ ಮಂಗಳೂರು ಮುಟ್ಟಿ ಬಂದಿದ್ದು. ಆದರೂ ಟಿವಿಯಲ್ಲಿ ದ್ವೀಪ ಬಂದರೆ ನಮ್ಮ ಮನೆಯಲ್ಲಿ ಯಾರೂ ರಿಮೋಟ್ ಮುಟ್ಟುವಂತಿಲ್ಲ. ನಮ್ಮ ಮಾವನವರ ಕಟ್ಟಪ್ಪಣೆ.

ಪುಷ್ಯ ಮಳೆ ಹಿಡಿಯಿತು ಅಂದರೆ ನಮ್ಮ ಕಡೆ ಮೂರ್ನಾಲ್ಕು ದಿನ ಅಂಗಳದ ಆಚೆ ಇರುವ ಮರ ಕಾಣುವುದಿಲ್ಲ. ಕರೆಂಟು ಇದ್ದರೆ ಟಿವಿ, ಇಲ್ಲದಿದ್ದರೆ ಒಲೆ ಮುಂದೆ ಸುಟ್ಟ ಹಲಸಿನ ಬೀಜ. ಕರೆಂಟು ಇದ್ದರೂ ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುತ್ತದೆ, ಅದೂ ಸರಿಯಾಗಿ ಆಮೆ ಮೊಟ್ಟೆ ಇಡಲು ಕೂತಾಗಲೇ ಹೋಗುತ್ತದೆ. ನಮ್ಮನೆ ಟಿವಿಯಲ್ಲಿ ಎಷ್ಟು ಆಮೆಗಳು ಮೊಟ್ಟೆ ಇಡದೆ ಅರ್ಧಕ್ಕೇ ನಿಂತಿವೆಯೋ ಲೆಕ್ಕ ಇಟ್ಟವರಿಲ್ಲ.

ನೋಡಿ ನೋಡಿ ನಿಮ್ಮ ಕಾರ್ಯಕ್ರಮ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಮೊದಲು ಮೇಲಿನಿಂದ ಡ್ರೋನ್. ನೀಲಿ ನೀರು, ಬಿಳಿ ಮರಳು, ಬಗ್ಗಿದ ಒಂದು ತೆಂಗಿನ ಮರ. ಗಡಸು ದನಿಯಲ್ಲಿ ಒಬ್ಬರು ‘ಭೂಮಿಯ ಮೇಲಿನ ಸ್ವರ್ಗ’ ಅಂತಾರೆ. ಆಮೇಲೆ ಒಂದು ಪ್ರಾಣಿ ಇನ್ನೊಂದನ್ನು ತಿನ್ನುತ್ತದೆ. ಆಮೇಲೆ ಐದು ನಿಮಿಷ ಕುಣಿತ, ಗರಿ ಕಟ್ಟಿಕೊಂಡವರು, ಹೂವಿನ ಹಾರ. ಕೊನೆಗೆ ಸೂರ್ಯ ಮುಳುಗುತ್ತಾನೆ. ನಮ್ಮ ಮಾವ ಇಷ್ಟೂ ನೋಡಿ, ಎಲೆಡಿಕೆ ಉಗಿದು ಬಂದು ಕೂತು, ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಾರೆ. ‘ಅದೆಲ್ಲ ಸರಿ ಕಣಮ್ಮ, ಅಲ್ಲಿ ಜನ ಹೊಟ್ಟೆಪಾಡಿಗೆ ಏನ್ ಮಾಡ್ತಾರೆ?’

ನನಗೆ ಉತ್ತರ ಗೊತ್ತಿರುವುದಿಲ್ಲ. ಒಂದು ಗಂಟೆ ನೋಡಿದ ಮೇಲೂ ಗೊತ್ತಿರುವುದಿಲ್ಲ. ಅದಕ್ಕೇ ಈ ಕಾಗದ.

ಹೋದ ಮಳೆಗಾಲದಲ್ಲಿ ಮಡಗಾಸ್ಕರ್ ಬಂತು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಲೆಮೂರ್‌ಗಳು ನೆಲದ ಮೇಲೆ ಅಡ್ಡಡ್ಡ ಕುಪ್ಪಳಿಸಿಕೊಂಡು ಹೋಗುವುದನ್ನು ನೋಡಿ ಅತ್ತೆ ನಕ್ಕಿದ್ದೇ ನಕ್ಕಿದ್ದು. ಪ್ರಪಂಚದಲ್ಲಿರುವ ಗೋಸುಂಬೆ ಜಾತಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಆ ಒಂದೇ ದ್ವೀಪದಲ್ಲಿದೆಯಂತೆ. ಬೆರಳ ತುದಿ ಮೇಲೆ ಕೂರುವಷ್ಟು ಚಿಕ್ಕದೂ ಇದೆ. ಇದನ್ನೆಲ್ಲ ನೀವು ತೋರಿಸದಿದ್ದರೆ ನಮಗೆ ಯಾರು ತೋರಿಸುತ್ತಿದ್ದರು ಹೇಳಿ. ಆದರೆ ಕೊನೆಕೊನೆಗೆ ಒಂದು ವೆನಿಲ್ಲಾ ಹೂ ಬಂತು. ಅರ್ಧ ನಿಮಿಷವೂ ಇರಲಿಲ್ಲ. ಹಿಂದಿನಿಂದ ‘ಈ ದ್ವೀಪದ ಸುಗಂಧ’ ಅಂತ ಒಂದು ಮಾತು ಬಂತು, ಮುಗೀತು. ನಾನು ಕೂಗಿದ್ದು ಕೇಳಿ ಅತ್ತೆ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಹೂ ಹೋಗಿ ಸೋಪಿನ ಜಾಹೀರಾತು ಬಂದಿತ್ತು.

ಆ ಹೂವಿಗೂ ನಮ್ಮ ಮನೆಗೂ ಒಂದು ಹಳೇ ಲೆಕ್ಕ ಇದೆ. 2000ದ ಏಪ್ರಿಲ್‌ನಲ್ಲಿ ಹುಡಾ ಅನ್ನುವ ಚಂಡಮಾರುತ ಮಡಗಾಸ್ಕರಿನ ಈಶಾನ್ಯ ಕರಾವಳಿಗೆ ಬಡಿಯಿತು. ಪ್ರಪಂಚಕ್ಕೆ ಅತಿ ಜಾಸ್ತಿ ವೆನಿಲ್ಲಾ ಹೋಗುವುದೇ ಆ ದ್ವೀಪದಿಂದ, ಅದರಲ್ಲೂ ಆ ಕರಾವಳಿಯಿಂದ. ಅಲ್ಲಿ ಬಳ್ಳಿ ಮಲಗಿತು, ಇಲ್ಲಿ ರೇಟು ಎದ್ದಿತು. ಅದೇ ವರ್ಷಗಳಲ್ಲಿ ಕಾಫಿ ರೇಟು ನೆಲ ಕಚ್ಚಿತ್ತು. ಕಾಫಿ ಮಾರಿದರೆ ಕುಯ್ದವರ ಕೂಲಿ ಗಿಟ್ಟುವುದೂ ಕಷ್ಟ ಅನ್ನುವಂಥ ಕಾಲ. ಮಲೆನಾಡಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ವೆನಿಲ್ಲಾ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಹಿತ್ತಲು ತುಂಬ ಗ್ಲಿರಿಸಿಡಿಯಾ ಗೂಟ, ಅದರ ಮೇಲೆ ಹಾವಿನ ಹಾಗೆ ಸುತ್ತಿಕೊಂಡ ಹಸಿರು ಬಳ್ಳಿ. ಹೊಸ ಸೊಸೆಗೆ ಅತ್ತೆ ಮೊದಲು ಕಲಿಸಿದ್ದು ಕಡುಬು ಮಾಡುವುದನ್ನಲ್ಲ, ವೆನಿಲ್ಲಾ ಹೂವಿಗೆ ಪಾಲಿನೇಷನ್ ಮಾಡುವುದನ್ನು.

ಆ ಕೆಲಸ ಮಾಡಿದವರಿಗೇ ಗೊತ್ತು. ಹೂ ಬೆಳಗಿನ ಜಾವ ಅರಳಿದರೆ ಮಧ್ಯಾಹ್ನದ ಹೊತ್ತಿಗೆ ಬಾಡಲು ಶುರು. ಆ ನಾಲ್ಕೈದು ಗಂಟೆಯಲ್ಲಿ ಮುಗಿಸಬೇಕು, ನಾಳೆ ಅನ್ನುವ ಹಾಗಿಲ್ಲ. ಅದರ ತವರು ಮೆಕ್ಸಿಕೊ, ಅಲ್ಲಿಯ ಜೇನು ನಮ್ಮಲ್ಲಿಲ್ಲ, ಹಾಗಾಗಿ ಜೇನಿನ ಕೆಲಸ ಹೆಂಗಸರಿಗೆ ಬಂತು. ಎಡಗೈಯಲ್ಲಿ ಹೂ ಹಿಡಿದು, ಚೂಪು ಮಾಡಿದ ತೆಂಗಿನ ಗರಿಕಡ್ಡಿಯಿಂದ ಒಳಗಿನ ತೆಳ್ಳನೆ ಪೊರೆಯನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಗಂಡು ಹೆಣ್ಣು ಎರಡೂ ಅದೇ ಹೂವಿನೊಳಗೆ ಇವೆ, ಮಧ್ಯೆ ಆ ಪೊರೆ ಒಂದು ಅಡ್ಡ ಗೋಡೆ. ಜೋರಾಗಿ ಒತ್ತಿದರೆ ಹೂ ಹಾಳು, ಒತ್ತದಿದ್ದರೆ ಕಾಯಿ ಇಲ್ಲ. ಅತ್ತೆ ಒಂದು ಬೆಳಿಗ್ಗೆಗೆ ನೂರಾರು ಹೂ ಮುಗಿಸುತ್ತಿದ್ದರು, ನಾನು ಅದರ ಅರ್ಧ. ಆಮೇಲೆ ಒಂಬತ್ತು ತಿಂಗಳು ಕಾಯಬೇಕು, ಬಸುರಿಯ ಹಾಗೆ. ರಾತ್ರಿ ಕಳ್ಳರ ಭಯಕ್ಕೆ ನಾಯಿ ಬಿಟ್ಟು, ಟಾರ್ಚ್ ಹಿಡಿದು ಕಾವಲು. ಮಡಗಾಸ್ಕರಿನಲ್ಲೂ ಇದೇ ಕಥೆಯಂತೆ. ಅಲ್ಲಿಯ ರೈತರು ಬಳ್ಳಿಯಲ್ಲಿರುವ ಹಸಿ ಕಾಯಿಗೆ ಸೂಜಿಯಿಂದ ಚುಚ್ಚಿ ತಮ್ಮ ಗುರುತು ಹಾಕುತ್ತಾರೆ, ಕದ್ದು ಮಾರಿದರೂ ಇದು ಯಾರ ಮನೆ ಕಾಯಿ ಅಂತ ಗೊತ್ತಾಗಲಿ ಅಂತ. ನಾವು ದನಕ್ಕೆ ಬರೆ ಹಾಕುತ್ತಿದ್ದ ಹಾಗೆ. ಇದು ತೋರಿಸುವಂಥ ವಿಷಯ ಅಲ್ವಾ?

2004ರ ಹೊತ್ತಿಗೆ ಅಲ್ಲಿ ಬಳ್ಳಿ ಚೇತರಿಸಿಕೊಂಡಿತು, ಐಸ್‌ಕ್ರೀಮಿನವರು ಅಷ್ಟರೊಳಗೆ ವೆನಿಲಿನ್ ಅನ್ನುವ ಕೃತಕ ಪರಿಮಳಕ್ಕೆ ಹೋಗಿಬಿಟ್ಟಿದ್ದರು, ರೇಟು ಬಿತ್ತು. ಬಿತ್ತು ಅಂದರೆ ಮೆಟ್ಟಿಲು ಇಳಿದ ಹಾಗಲ್ಲ, ಅಟ್ಟದಿಂದ ಬಿದ್ದ ಹಾಗೆ. ಕಿಲೋಗೆ ಸಾವಿರದ ಲೆಕ್ಕದಲ್ಲಿದ್ದದ್ದು ಕೇಳುವವರೇ ಇಲ್ಲ ಅನ್ನುವ ಸ್ಥಿತಿಗೆ ಬಂತು. ಮಾವ ಒಂದು ದಿನ ಬೆಳಿಗ್ಗೆ ಯಾರ ಹತ್ತಿರವೂ ಮಾತಾಡದೆ ಬಳ್ಳಿ ಎಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ಅತ್ತೆ ಎರಡು ಬಳ್ಳಿ ಬಚ್ಚಲುಮನೆ ಹಿಂದೆ ಉಳಿಸಿಕೊಂಡಿದ್ದಾರೆ, ಈಗಲೂ ಇದೆ.

ಈ ಕಡ್ಡಿ, ಈ ಹೆಬ್ಬೆರಳಿನ ಉಪಾಯ ಯಾರು ಕಂಡುಹಿಡಿದರು ಅಂತ ನನ್ನ ಮಗ ಆವತ್ತು ಫೋನಿನಲ್ಲಿ ಹುಡುಕಿದ. ಮಡಗಾಸ್ಕರಿನ ಪಕ್ಕ ರೀಯೂನಿಯನ್ ಅನ್ನುವ ಸಣ್ಣ ದ್ವೀಪ. 1841. ಎಡ್ಮಂಡ್ ಅಂತ ಹನ್ನೆರಡು ವರ್ಷದ ಹುಡುಗ. ತೋಟದ ಮಾಲೀಕನ ಗುಲಾಮ. ಗುಲಾಮರಿಗೆ ಮನೆತನದ ಹೆಸರು ಇರುತ್ತಿರಲಿಲ್ಲ. 1848ರಲ್ಲಿ ಗುಲಾಮಗಿರಿ ಹೋದಮೇಲೆ ಆಲ್ಬಿಯಸ್ ಅಂತ ಒಂದು ಹೆಸರು ಸಿಕ್ಕಿತು. ಅವನ ಹೆಬ್ಬೆರಳಿನಿಂದ ರೀಯೂನಿಯನ್, ಮಡಗಾಸ್ಕರ್ ಎರಡೂ ಕಡೆ ತೋಟದ ಒಡೆಯರು ಕಾಸು ಮಾಡಿದರು. ಅವನು ಮಾತ್ರ 1880ರಲ್ಲಿ ಬಡವನಾಗಿಯೇ ಸತ್ತ. ಮಗ ಓದುತ್ತಿದ್ದಾಗ ಅತ್ತೆ ತಮ್ಮ ಹೆಬ್ಬೆರಳು ನೋಡಿಕೊಳ್ಳುತ್ತಾ ಕೂತಿದ್ದರು. ‘ಪಾಪ, ಮಗು’ ಅಂದರು, ಅಷ್ಟೇ. ಇಷ್ಟೆಲ್ಲ ಇದ್ದದ್ದು ನಿಮ್ಮ ಆ ಅರ್ಧ ನಿಮಿಷದ ಹೂವಿನ ಹಿಂದೆ.

ಈಗ ಮಾವನಿಗೆ ದ್ವೀಪದ ಹುಚ್ಚು ಯಾಕೆ ಹಿಡಿಯಿತು ಅಂತ ಹೇಳಿಬಿಡುತ್ತೇನೆ. ವೆನಿಲ್ಲಾ ಕಿತ್ತ ಕೆಲವು ವರ್ಷಕ್ಕೆ ಅವರು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗಿದ್ದರು. ಚಂದ್ರಗಿರಿ ಅನ್ನುವ ಹೊಸ ತಳಿ ಬಂದಿತ್ತು, ಎಲೆತುಕ್ಕು ರೋಗ ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ ಅನ್ನುತ್ತಿದ್ದರು. ಅಲ್ಲಿ ಯಾರೋ ಹೇಳಿದ್ದಾರೆ, ಈ ಗಿಡದ ಶಕ್ತಿ ಬಂದಿರುವುದು ತಿಮೋರ್ ದ್ವೀಪದಿಂದ ಅಂತ. ನಿಜವೇ. ಅಲ್ಲಿ ಅರೇಬಿಕಾ ರೊಬಸ್ಟಾ ಎರಡೂ ತಾನಾಗಿಯೇ ಕೂಡಿ ಹುಟ್ಟಿದ ಒಂದು ಗಿಡ ಕಳೆದ ಶತಮಾನದಲ್ಲಿ ಸಿಕ್ಕಿತು, ತುಕ್ಕಿಗೆ ಜಗ್ಗದ ಗಿಡ. ನಮ್ಮ ಕಾವೇರಿ, ಚಂದ್ರಗಿರಿ ತಳಿಗಳಲ್ಲಿ ಅದರ ರಕ್ತ ಇದೆ. ಆ ದಿನದಿಂದ ಮಾವನಿಗೆ ತಿಮೋರ್ ಅಂದರೆ ಬೀಗರ ಊರು.

ತುಕ್ಕಿನ ಕಥೆಯೂ ದ್ವೀಪದ್ದೇ. 1869ರಲ್ಲಿ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ತೋಟಗಳಲ್ಲಿ ಅದು ಕಾಣಿಸಿಕೊಂಡು, ಒಂದೆರಡು ದಶಕದಲ್ಲಿ ಇಡೀ ದ್ವೀಪದ ಕಾಫಿಯನ್ನು ಬೋಳಿಸಿತು. ಸಿಲೋನಿನವರು ಟೀ ಹಾಕಿದರು, ಪ್ರಪಂಚ ಈಗ ಸಿಲೋನ್ ಟೀ ಕುಡಿಯುತ್ತದೆ. ಅದಕ್ಕೂ ಹಿಂದೆ, 1690ರ ದಶಕದಲ್ಲಿ, ಡಚ್ಚರು ಜಾವಾ ದ್ವೀಪಕ್ಕೆ ಕಾಫಿ ಗಿಡ ತಗೊಂಡು ಹೋಗಿದ್ದು ಮಲಬಾರಿನಿಂದ. ಮಲಬಾರಿಗೆ ಎಲ್ಲಿಂದ ಹೋಗಿತ್ತು ಅಂತ ಕೇಳಿದರೆ ನಮ್ಮ ಚಿಕ್ಕಮಗಳೂರಿನವರು ಮೀಸೆ ತಿರುವಿ ಬಾಬಾಬುಡನ್‌ಗಿರಿ ಕಡೆ ಕೈ ತೋರಿಸುತ್ತಾರೆ. ಬಾಬಾಬುಡನ್ ಅರಬ್ ದೇಶದಿಂದ ಏಳು ಕಾಫಿ ಬೀಜ ತಂದರು ಅನ್ನುವ ಆ ಕಥೆ ಕಥೆಯೋ ನಿಜವೋ, ನಾನು ಜಗಳಕ್ಕೆ ಬರಲ್ಲ. ಆದರೆ ಜಾವಾದಿಂದ ಆಮ್ಸ್ಟರ್‌ಡ್ಯಾಂಗೆ, ಅಲ್ಲಿಂದ ಪ್ಯಾರಿಸ್‌ಗೆ, ಅಲ್ಲಿಂದ ಮಾರ್ಟಿನಿಕ್ ಅನ್ನುವ ಇನ್ನೊಂದು ದ್ವೀಪಕ್ಕೆ ಆ ಗಿಡದ ಸಂತಾನ ಹೋಗಿದ್ದು ಮಾತ್ರ ನಿಜ. ನೀವು ‘ದೂರದ, ಅಪರಿಚಿತ ದ್ವೀಪ’ ಅಂತ ಡಬ್ ಮಾಡುವಾಗ ಸ್ವಲ್ಪ ನೋಡಿಕೊಂಡು ಮಾಡಿ. ನಮಗೆ ಅದು ಅಷ್ಟೇನೂ ದೂರ ಅಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಇದು ನಮ್ಮ ಮನೆಯಂಗಳದಲ್ಲೇ ಆಗಿದ್ದು.

ಮೂರ್ನಾಲ್ಕು ವರ್ಷದ ಹಿಂದೆ ಒಂದು ಟಿವಿಯವರು ನಮ್ಮ ಕಡೆ ಬಂದಿದ್ದರು. ಯಾವ ಚಾನೆಲ್ ಅಂತ ಬೇಡ ಬಿಡಿ. ‘ಮಳೆಗಾಲದ ಸ್ವರ್ಗ’ ಅಂತ ಏನೋ ಮಾಡುತ್ತಿದ್ದರು. ನಮ್ಮ ತೋಟದ ಕೆಳಗೆ ಹಳ್ಳ ಒಂದು ಬಂಡೆ ಮೇಲಿಂದ ಇಳಿಯುತ್ತದೆ, ಚೆನ್ನಾಗಿ ಕಾಣುತ್ತದೆ, ಅದು ಬೇಕಿತ್ತು ಅವರಿಗೆ. ಆವತ್ತು ಕೆಲಸಕ್ಕೆ ಬಂದ ಹೆಂಗಸರು ಅಲ್ಲೇ ಪಕ್ಕದಲ್ಲಿ ಕಳೆ ತೆಗೆಯುತ್ತಿದ್ದರು. ‘ಸ್ವಲ್ಪ ಆ ಕಡೆ ಹೋಗ್ತೀರಾ, ಫ್ರೇಮಲ್ಲಿ ಬರ್ತಿದೀರಾ’ ಅಂದರು. ಹೋದರು. ಅರ್ಧ ಗಂಟೆ ಬಿಟ್ಟು ಅವರಲ್ಲೇ ಒಬ್ಬ ಅಕ್ಕನನ್ನು ವಾಪಸ್ ಕರೆದರು. ಈಗ ಅವರಿಗೆ ‘ಸಂಸ್ಕೃತಿ’ ಬೇಕಿತ್ತು. ಆ ಅಕ್ಕ ಹಾಕಿಕೊಂಡಿದ್ದದ್ದು ಸಂತೆಯಲ್ಲಿ ತಗೊಂಡ ನೀಲಿ ಪ್ಲಾಸ್ಟಿಕ್ ರೈನ್‌ಕೋಟ್. ಅದನ್ನು ಬಿಚ್ಚಿಸಿ, ನಮ್ಮ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಾ ಬಿದ್ದಿದ್ದ, ಮಳೆಗೆ ಅಂತ ಎಲೆ ಹೆಣೆದು ಮಾಡಿದ ಹಳೇ ಗೊರಬು ಹುಡುಕಿಸಿ, ತಲೆ ಮೇಲೆ ಹಾಕಿಸಿ, ಬಂಡೆ ಪಕ್ಕ ನಿಲ್ಲಿಸಿದರು. ಗೊರಬು ಹಾಕಿಕೊಂಡು ನೆಟ್ಟಿ ಮಾಡಿದ್ದು ಅವರ ಅಜ್ಜಿ ಇರಬಹುದು, ಅವರಲ್ಲ. ನಾಲ್ಕು ಟೇಕ್. ತಲೆಗೂದಲೆಲ್ಲ ಹಳೇ ಎಲೆ ಚೂರು. ಪ್ರಸಾರ ಆದಾಗ ನಾವೆಲ್ಲ ಕೂತು ನೋಡಿದೆವು. ಹಳ್ಳ ಬಂತು, ಗೊರಬು ಬಂತು, ಅಕ್ಕನ ಹೆಸರು ಬರಲಿಲ್ಲ. ‘ಇಂದಿಗೂ ಹೊರಜಗತ್ತಿನ ಸೋಂಕಿಲ್ಲದ ಜನ’ ಅಂತ ಹಿಂದಿನಿಂದ ದನಿ ಬಂತು. ಆ ಅಕ್ಕನ ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಅಲ್ಲಿಂದಾಚೆಗೆ ನಿಮ್ಮ ದ್ವೀಪಗಳಲ್ಲಿ ಯಾರಾದರೂ ಗರಿ ಕಟ್ಟಿಕೊಂಡು ಕುಣಿದರೆ ನನಗೆ ಮೊದಲು ಬರುವ ಅನುಮಾನ ಒಂದೇ. ಇವರಿಗೂ ಯಾರೋ ರೈನ್‌ಕೋಟ್ ಬಿಚ್ಚಿಸಿದ್ದಾರೆ.

ಕೊಮೊಡೊ ಡ್ರ್ಯಾಗನ್ ತೋರಿಸಿದಿರಲ್ಲ, ಅದಕ್ಕೆ ಬರುತ್ತೇನೆ. ‘ದೈತ್ಯ ಡ್ರ್ಯಾಗನ್! ರಾಕ್ಷಸ ದ್ವೀಪ!’ ಮಾವ ಕನ್ನಡಕ ಸರಿ ಮಾಡಿಕೊಂಡು ನೋಡಿ, ‘ಏ, ಇದು ನಮ್ಮ ಉಡ ಅಲ್ವೇನಮ್ಮ, ತಿಂದು ಕೊಬ್ಬಿದೆ ಅಷ್ಟೆ’ ಅಂದರು. ಅವರು ಹೇಳಿದ್ದೇ ಸರಿ. ಅದು ಉಡವೇ, ನಮ್ಮ ತೋಟದ ಹುತ್ತದಲ್ಲಿರುವ ಉಡದ ಕುಲವೇ. ಮೂರು ಮೀಟರ್‌ವರೆಗೆ ಬೆಳೆಯುತ್ತದೆ ಅನ್ನುವುದು ಬೇರೆ ಮಾತು. ಕನ್ನಡದಲ್ಲಿ ಡಬ್ ಮಾಡುವಾಗ ಒಂದು ಸಲವಾದರೂ ‘ಉಡ’ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? ಉಡ ಅಂದ ತಕ್ಷಣ ನಮ್ಮ ಹಳ್ಳಿ ಮಕ್ಕಳಿಗೆ ಅರ್ಧ ವಿಷಯ ಅರ್ಥ ಆಗಿರುತ್ತದೆ. ಅದು ನಾಲಿಗೆ ಯಾಕೆ ಚಾಚುತ್ತದೆ, ಮೊಟ್ಟೆ ಎಲ್ಲಿಡುತ್ತದೆ, ಬಾಲದಲ್ಲಿ ಹೇಗೆ ಬಾರಿಸುತ್ತದೆ, ಎಲ್ಲ. ಡ್ರ್ಯಾಗನ್ ಅಂದರೆ ಅವರಿಗೆ ನೆನಪಾಗುವುದು ಬೆಂಕಿ ಉಗುಳುವ ಕಾರ್ಟೂನು.

ಇಂಡೋನೇಷ್ಯಾದ ಆ ಕೊಮೊಡೊ ದ್ವೀಪದಲ್ಲಿ ಒಂದು ಊರಿದೆ. ಕಂಬದ ಮೇಲೆ ಕಟ್ಟಿದ ಮರದ ಮನೆಗಳು, ಕೆಳಗಡೆಯೇ ಉಡ ಓಡಾಡುತ್ತದೆ. ಅವರು ಅದನ್ನು ಓರಾ ಅನ್ನುತ್ತಾರೆ. ಅವರ ಕಥೆಯಲ್ಲಿ ಒಬ್ಬ ತಾಯಿಗೆ ಅವಳಿ ಮಕ್ಕಳು, ಒಂದು ಗಂಡು ಮಗು, ಇನ್ನೊಂದು ಓರಾ. ಬೇರೆ ಬೇರೆ ಬೆಳೆದ ಅಣ್ಣ ಒಂದು ದಿನ ಕಾಡಿನಲ್ಲಿ ಓರಾವನ್ನು ಕೊಲ್ಲಲು ಹೋದಾಗ ತಾಯಿ ಅಡ್ಡ ಬಂದು ‘ಇವಳು ನಿನ್ನ ತಂಗಿ’ ಅನ್ನುತ್ತಾಳೆ. ಹಾಗಾಗಿ ಅದು ಅವರಿಗೆ ಒಡಹುಟ್ಟು. 2019ರಲ್ಲಿ ಅಲ್ಲಿಯ ಪ್ರಾಂತದ ಸರ್ಕಾರ ದ್ವೀಪವನ್ನು ಪ್ರವಾಸಿಗರಿಗೆ ಮುಚ್ಚಿ, ಈ ಊರಿನವರನ್ನೂ ಎತ್ತಂಗಡಿ ಮಾಡುವ ಮಾತಾಡಿತು. ಜನ ಒಪ್ಪಲಿಲ್ಲ, ಗಲಾಟೆ ಆಯಿತು, ಕೊನೆಗೆ ಆ ಯೋಚನೆ ಬಿಟ್ಟರು. ಭದ್ರಾ ಅಭಯಾರಣ್ಯದೊಳಗಿದ್ದ ಊರುಗಳನ್ನು ಎಬ್ಬಿಸಿದ್ದು ನೆನಪಿರುವ, ದಿನಾ ಬೆಳಿಗ್ಗೆ ‘ಆನೆ ಎಲ್ಲಿದೆ’ ಅಂತ ಫೋನ್ ನೋಡಿಕೊಂಡು ತೋಟಕ್ಕೆ ಇಳಿಯುವ ನಮಗೆ ಇದು ಎಷ್ಟು ಹತ್ತಿರದ ಸುದ್ದಿ ಅಂತ ಯೋಚನೆ ಮಾಡಿ. ಆಲೂರು, ಸಕಲೇಶಪುರದ ಕಡೆ ಕಾಡಾನೆ ಜೊತೆ ಬದುಕುವವರು ಮೂರು ಮೀಟರಿನ ಉಡದ ಜೊತೆ ಬದುಕುವವರನ್ನು ಕೇಳಬೇಕಾದ್ದು ಬಹಳ ಇದೆ. ಮಕ್ಕಳನ್ನು ಸ್ಕೂಲಿಗೆ ಹೇಗೆ ಕಳಿಸುತ್ತೀರಿ? ಆಡು ಹೋದರೆ ಪರಿಹಾರ ಕೊಡುತ್ತಾರಾ? ನೀವು ಒಂದು ಗಂಟೆಯಲ್ಲಿ ತೋರಿಸಿದ್ದು ಒಂದು ಉಡ ಒಂದು ಎಮ್ಮೆಯನ್ನು ತಿಂದಿದ್ದು, ಅದೂ ಮೂರು ಸಲ, ಸ್ಲೋ ಮೋಷನ್‌ನಲ್ಲಿ.

ಬಾಲಿ ಬಗ್ಗೆ ನನಗೆ ಸಿಟ್ಟಿಲ್ಲ, ಬೇಜಾರಿದೆ. ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ತೋರಿಸಿದಿರಿ, ಗದ್ದೆ ಮೇಲೆ ಉಯ್ಯಾಲೆ, ಉಯ್ಯಾಲೆಯಲ್ಲಿ ಉದ್ದ ಗೌನಿನ ಹುಡುಗಿ. ಆ ಗದ್ದೆಗೆ ನೀರು ಹೇಗೆ ಬರುತ್ತದೆ ಅಂತ ಒಂದು ಮಾತಿಲ್ಲ. ಅಲ್ಲಿ ಸುಬಕ್ ಅಂತ ಇದೆ. ಒಂದು ಕಾಲುವೆಯ ನೀರು ಕುಡಿಯುವ ಗದ್ದೆಯವರೆಲ್ಲ ಸೇರಿದ ಕೂಟ. ಸಾವಿರ ವರ್ಷಕ್ಕೂ ಹಳೆಯದು. ನೀರಿನ ದೇವಸ್ಥಾನದಲ್ಲಿ ಸೇರಿ ಯಾರಿಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಗದ್ದೆ ಒಣಗಿಸುವುದು ಅಂತ ತೀರ್ಮಾನ ಮಾಡುತ್ತಾರೆ. 1970ರ ದಶಕದಲ್ಲಿ ಸರ್ಕಾರದವರು ಬಂದು ಹೊಸ ತಳಿ ಕೊಟ್ಟು, ಈ ಪೂಜೆ ಸರದಿ ಎಲ್ಲ ಬಿಡಿ, ಯಾರಿಗೆ ಆಗುತ್ತೋ ಅವರು ಬಿಡುವಿಲ್ಲದೆ ಬೆಳೀರಿ ಅಂದರು. ಕೇಳಿದರು. ಹುಳ ಬಂದು ಬೆಳೆ ಮುಗಿಸಿತು. ಯಾಕೆ ಅಂದರೆ ಮೊದಲು ಒಂದು ಬಯಲಿನವರೆಲ್ಲ ಒಟ್ಟಿಗೆ ಕುಯ್ದು ಒಟ್ಟಿಗೆ ಗದ್ದೆ ಖಾಲಿ ಬಿಡುತ್ತಿದ್ದರು, ಹುಳಕ್ಕೆ ತಿನ್ನಲು ಏನೂ ಸಿಗುತ್ತಿರಲಿಲ್ಲ. ಸರದಿ ಬಿಟ್ಟ ಮೇಲೆ ಪಕ್ಕದ ಗದ್ದೆ ಯಾವಾಗಲೂ ಹಸಿರು, ಹುಳಕ್ಕೆ ದಿನಾ ಹಬ್ಬ. ಸ್ಟೀಫನ್ ಲ್ಯಾನ್ಸಿಂಗ್ ಅನ್ನುವ ಸಂಶೋಧಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ದೇವಸ್ಥಾನದ ಸರದಿಯೇ ಸರಿ ಅಂತ ತೋರಿಸಿದರು. 2012ರಲ್ಲಿ ಯುನೆಸ್ಕೊ ಸುಬಕ್ಕಿನ ಗದ್ದೆಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ನಮ್ಮ ಗದ್ದೆ ಬೀಳು ಬಿದ್ದು ಹನ್ನೊಂದು ವರ್ಷ. ಮೇಲಿನವರು ನಾಟಿ ಬಿಟ್ಟರು, ನೀರಿನ ಕಾಲುವೆ ಸವರುವವರಿಲ್ಲ, ನಾವೂ ಬಿಟ್ಟೆವು. ಆ ಉಯ್ಯಾಲೆಯ ಬದಲು ಆ ಮೀಟಿಂಗು ತೋರಿಸಿದ್ದರೆ ನಮ್ಮ ಊರಿನ ಅರ್ಧ ಜನ ಎವೆ ಮುಚ್ಚದೆ ನೋಡುತ್ತಿದ್ದರು. ಜಗಳ ಆಗುತ್ತಾ ಅಲ್ಲಿ? ಆಗಿಯೇ ಆಗುತ್ತದೆ, ನೀರಿನ ವಿಷಯ ಅಲ್ವಾ.

ಬಾಲಿಯ ಇನ್ನೊಂದು ವಿಷಯ ನಿಮಗೆ ಹೇಳಲು ಸಂಕೋಚ, ಟಿವಿಯವರಿಗೆ ಹಿಡಿಸಲಿಕ್ಕಿಲ್ಲ. ಅವರದ್ದೂ ಶಕ ವರ್ಷ, ನಮ್ಮ ಪಂಚಾಂಗದಲ್ಲಿ ಇರುವ ಅದೇ ಲೆಕ್ಕ. ಅವರ ಹೊಸ ವರ್ಷ ನ್ಯೆಪಿ ಎಷ್ಟೋ ಸಲ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2023ರಲ್ಲಂತೂ ಎರಡೂ ಒಂದೇ ದಿನ, ಮಾರ್ಚ್ 22. ಆದರೆ ಅವರು ಆ ದಿನ ಹೋಳಿಗೆ ತಟ್ಟುವುದಿಲ್ಲ. ಒಲೆ ಹಚ್ಚುವುದಿಲ್ಲ, ದೀಪ ಹಚ್ಚುವುದಿಲ್ಲ, ಮನೆಯಿಂದ ಹೊರಗೆ ಬರುವುದಿಲ್ಲ. ವಿಮಾನ ನಿಲ್ದಾಣ ಕೂಡ ಇಡೀ ದಿನ ಬಂದ್. ಟಿವಿ ಪ್ರಸಾರವೂ ಬಂದ್.

ಈಗ ಅಂಡಮಾನ್. ಇದೊಂದನ್ನು ನಗುತ್ತಾ ಬರೆಯಲು ಆಗುವುದಿಲ್ಲ. ಉತ್ತರ ಸೆಂಟಿನೆಲ್ ದ್ವೀಪದ ಬಗ್ಗೆ ಕನ್ನಡದಲ್ಲಿ ಏನೇನು ಬಂದಿದೆ ನೋಡಿ. ‘ನರಭಕ್ಷಕರು’, ‘ಸಾವಿನ ದ್ವೀಪ’, ಕೆಂಪು ಅಕ್ಷರ, ಯಾವುದೋ ಸಿನಿಮಾದ ತುಣುಕು. ಹೊರಗಿನವರನ್ನು ಹತ್ತಿರ ಸೇರಿಸದ ಅಲ್ಲಿಯ ಬುಡಕಟ್ಟಿನವರು ಮನುಷ್ಯರನ್ನು ತಿನ್ನುತ್ತಾರೆ ಅನ್ನುವುದಕ್ಕೆ ಒಂದು ಆಧಾರವೂ ಇಲ್ಲ. ಅವರು ಹೇಳುತ್ತಿರುವುದು ಒಂದೇ ಮಾತು, ಹತ್ತಿರ ಬರಬೇಡಿ. 1991ರ ಜನವರಿಯಲ್ಲಿ ಸರ್ಕಾರದ ಒಂದು ತಂಡ ಹೋದಾಗ ಅವರು ಬಾಣ ಇಳಿಸಿ, ನೀರಿಗೆ ಇಳಿದು ಬಂದು, ತೆಂಗಿನಕಾಯಿ ತಗೊಂಡರು. ಆ ತಂಡದಲ್ಲಿ ಮಧುಮಾಲಾ ಚಟ್ಟೋಪಾಧ್ಯಾಯ ಅನ್ನುವ ಮಾನವಶಾಸ್ತ್ರಜ್ಞೆ ಇದ್ದರು. ಇದನ್ನು ಯಾಕೆ ತೋರಿಸಲ್ಲ? ಆಮೇಲೆ ಅಂಥ ಭೇಟಿಗಳನ್ನು ನಿಲ್ಲಿಸಿದರು. ನಮ್ಮ ಒಂದು ಸಾಮಾನ್ಯ ನೆಗಡಿ ಜ್ವರ ಆ ಇಡೀ ದ್ವೀಪವನ್ನು ಮುಗಿಸಬಹುದು. ಬ್ರಿಟಿಷರು 1858ರಲ್ಲಿ ಬಂದು ಕೂತ ಮೇಲೆ ಪಕ್ಕದ ಗ್ರೇಟ್ ಅಂಡಮಾನಿ ಬುಡಕಟ್ಟಿನವರು ಸಾವಿರಗಳಿಂದ ಕೆಲವೇ ಹತ್ತುಗಳಿಗೆ ಇಳಿದರು, ಹೆಚ್ಚಾಗಿ ಕಾಯಿಲೆಯಿಂದಲೇ. ಅವರಲ್ಲಿ ಬೋ ಭಾಷೆ ಆಡುತ್ತಿದ್ದ ಕೊನೆಯ ಅಜ್ಜಿ, ಬೋವಾ ಅಂತ, 2010ರ ಜನವರಿಯಲ್ಲಿ ತೀರಿಕೊಂಡರು. 2004ರ ಸುನಾಮಿಯನ್ನೂ ದಾಟಿ ಬದುಕಿದ್ದವರು. ಕೊನೆಯ ವರ್ಷಗಳಲ್ಲಿ ಅವರಿಗೆ ತಮ್ಮ ಭಾಷೆಯಲ್ಲಿ ಮಾತಾಡಲು ಒಬ್ಬರೂ ಉಳಿದಿರಲಿಲ್ಲ. ಮನೆಯಲ್ಲಿ ಮೊಮ್ಮಕ್ಕಳು ಕನ್ನಡ ಓದಲು ಬರಲ್ಲ ಅಂದರೆ ನಮಗೆ ಎಷ್ಟು ಸಂಕಟ ಆಗುತ್ತದೆ, ಆ ಅಜ್ಜಿಯ ಬಗ್ಗೆ ಹತ್ತು ನಿಮಿಷ ಕೊಡಲು ಆಗದವರಿಗೆ ‘ನರಭಕ್ಷಕ’ಕ್ಕೆ ಒಂದು ಗಂಟೆ ಹೇಗೆ ಸಿಗುತ್ತದೆ?

ವಿಮಾನ ಹತ್ತಿ ಅಷ್ಟು ದೂರ ಹೋಗಲು ದುಡ್ಡಿಲ್ಲ ಅಂತ ನೀವು ಅನ್ನಬಹುದು. ನಮ್ಮ ಕನ್ನಡ ಚಾನೆಲ್‌ಗಳಿಗೆ ನಿಜವಾಗಲೂ ಇರಲಿಕ್ಕಿಲ್ಲ. ಹಾಗಾದರೆ ಶಿರಾಡಿ ಘಾಟಿ ಇಳಿಯಿರಿ, ರಸ್ತೆ ಸರಿ ಇದ್ದ ದಿನ ನೋಡಿಕೊಂಡು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಇವೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಅಂತ ನನಗೆ ಗೊತ್ತಾಗಿದ್ದೇ ಈಚೆಗೆ. ಅಲ್ಲಿಯ ಹಾಯಿದೋಣಿಗಳು ತೆಂಗಿನ ನಾರಿನ ಹಗ್ಗ, ಕೊಬ್ಬರಿ ತುಂಬಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಹಾಕಿಕೊಂಡು ಹೋಗುತ್ತಿದ್ದವು. ನಾರನ್ನು ಮರಳಿನಲ್ಲಿ ಹೂತು ಕೊಳೆಸಿ, ಬಡಿದು, ಹೊಸೆಯುವುದು ಹೆಂಗಸರ ಕೆಲಸ. ಅರಸೀಕೆರೆ ಕಡೆಯ ತೆಂಗಿನವರಿಗೆ ಇದು ತೋರಿಸಿ ನೋಡಿ. ನೀವು ಲಕ್ಷದ್ವೀಪ ಅಂದರೆ ತೋರಿಸುವುದು ಒಂದು ಕುರ್ಚಿ, ಒಂದು ಛತ್ರಿ, ಒಂದು ಎಳನೀರು.

ಮಲ್ಪೆ ಎದುರಿಗೆ ಸೇಂಟ್ ಮೇರೀಸ್ ದ್ವೀಪ ಇದೆಯಲ್ಲ, ನಾನು ಸಮುದ್ರ ನೋಡಿದ ನಾಲ್ಕನೇ ಸಲ ಅಲ್ಲಿಗೇ ಹೋಗಿದ್ದು. ಯಾರೋ ಕೆತ್ತಿ ಜೋಡಿಸಿದ ಹಾಗೆ ಕಲ್ಲಿನ ಕಂಬಗಳು. ಎಲ್ಲರೂ ಅದಕ್ಕೆ ಒರಗಿ ಸೆಲ್ಫಿ ತೆಗೆಯುತ್ತಿದ್ದರು, ನಾವೂ ತೆಗೆದೆವು. ಆ ಕಲ್ಲು ಸುಮಾರು 8.8 ಕೋಟಿ ವರ್ಷದ ಹಿಂದೆ ಬೆಂಕಿಯಾಗಿ ಉಕ್ಕಿ ಗಟ್ಟಿಯಾಗಿದ್ದು, ಮಡಗಾಸ್ಕರ್ ನಮ್ಮ ಪಕ್ಕದಿಂದ ಬಿಟ್ಟು ಹೋದ ಕಾಲಕ್ಕೆ. ಅಂದರೆ ಆ ಲೆಮೂರಿನ ದೇಶ, ವೆನಿಲ್ಲಾದ ದೇಶ ಒಂದು ಕಾಲಕ್ಕೆ ನಮ್ಮ ಕರಾವಳಿಗೆ ಅಂಟಿಕೊಂಡೇ ಇತ್ತು. ಇದನ್ನು ಮಾವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಟಿಕೊಂಡೇ ಇದ್ದಿದ್ರೆ ರೇಟು ಮುಂಚೇನೇ ಗೊತ್ತಾಗ್ತಿತ್ತು’ ಅಂದರು.

ನಾನು ಕೇಳುತ್ತಿರುವುದು ಜಾಸ್ತಿ ಏನಲ್ಲ. ಉಡ, ಗೋಸುಂಬೆ, ಆಮೆ ಎಲ್ಲ ಇರಲಿ, ಅದನ್ನು ನೋಡಲೇ ನಾವು ಕೂರುವುದು. ಡ್ರೋನ್ ಕೂಡ ಇರಲಿ. ಆಮೇಲೆ ಅದನ್ನು ಕೆಳಗಿಳಿಸಿ ಒಂದು ಮನೆಯೊಳಗೆ ಹೋಗಿ. ಅವರ ಹೆಸರು ಕೇಳಿ, ಅದನ್ನು ಪರದೆ ಮೇಲೆ ಬರೆಯಿರಿ. ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತಾರೆ, ಕೂಲಿ ಎಷ್ಟು, ಮಳೆ ಬಂದರೆ ಎಲ್ಲಿ ಸೋರುತ್ತದೆ ಅಂತ ಕೇಳಿ. ಅವರು ಪ್ಲಾಸ್ಟಿಕ್ ಕೋಟು ಹಾಕಿಕೊಂಡಿದ್ದರೆ ಹಾಕಿಕೊಂಡೇ ಇರಲಿ.

ಮತ್ತೆ ಮಡಗಾಸ್ಕರಿಗೆ ಹೋಗುವುದಿದ್ದರೆ ಹೂ ಅರಳುವ ತಿಂಗಳು ನೋಡಿಕೊಂಡು, ಬೆಳಿಗ್ಗೆ ಬೇಗ ಹೋಗಿ. ಹೂವಿಗಿಂತ ಕೈಯನ್ನು ಹತ್ತಿರದಿಂದ ತೋರಿಸಿ, ಆತುರ ಮಾಡಬೇಡಿ. ಅವರು ಪೊರೆ ಎತ್ತುವುದು ಎಂಥ ಕಡ್ಡಿಯಲ್ಲಿ, ಒತ್ತುವುದು ಬಲಗೈ ಹೆಬ್ಬೆರಳಿನಲ್ಲೋ ಎಡಗೈಯದ್ದರಲ್ಲೋ ಅಂತ ನಮ್ಮ ಅತ್ತೆಗೆ ನೋಡಬೇಕಂತೆ. ಯಾವ ದಿನ, ಎಷ್ಟು ಗಂಟೆಗೆ ಹಾಕುತ್ತೀರಿ ಅಂತ ಮುಂಚೆ ತಿಳಿಸಿದರೆ ಒಳ್ಳೆಯದು. ಆವತ್ತು ಅಡುಗೆ ಬೇಗ ಮುಗಿಸಿಕೊಳ್ಳುತ್ತೇವೆ.